ಎಷ್ಟು ಹೆಕ್ಟೇರ್ ಸುಟ್ಟಿತು ಎನ್ನುವುದಕ್ಕಿಂತ ಎಷ್ಟು ಬೆರಳು ತರಗು ಉಳಿಯಿತು ಎಂದು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕಾಳ್ಗಿಚ್ಚನ್ನು ತಡೆಯಲೆಂದು ಮುಂಚಿತವಾಗಿ ಹಾಕುವ ನಿಯಂತ್ರಿತ ಬೆಂಕಿಯ ಬಗ್ಗೆ ಮಾತು ಬಂದಾಗಲೆಲ್ಲ ಎರಡು ದನಿಗಳು ಜೋರಾಗಿ ಕೇಳಿಸುತ್ತವೆ. ಕಾಡಿಗೆ ಕಿಡಿ ತಾಗಿಸುವುದೇ ತಪ್ಪು ಎನ್ನುವವರು ಒಂದು ಕಡೆ. ಒಣ ತರಗನ್ನೆಲ್ಲ ಸುಟ್ಟು ನೆಲ ಚೊಕ್ಕ ಮಾಡಿಬಿಟ್ಟರೆ ಬೇಸಿಗೆ ನಿಶ್ಚಿಂತೆ ಎನ್ನುವವರು ಇನ್ನೊಂದು ಕಡೆ. ಬೆಂಕಿ ಆರಿದ ಮೇಲೆ ಬರುವ ವರದಿಯಲ್ಲಿ ಸುಟ್ಟ ಹೆಕ್ಟೇರ್‌ಗಳ ಲೆಕ್ಕ ಇದ್ದೇ ಇರುತ್ತದೆ. ನೆಲದ ಮೇಲೆ ತರಗು ಎಷ್ಟು ಉಳಿಯಿತು ಎಂಬ ಲೆಕ್ಕ ಮಾತ್ರ ಅಪರೂಪ. ಮಳೆ ಬಂದಾಗ ಆ ಕಾಡು ನೀರು ಕುಡಿಯುತ್ತದೋ ಚೆಲ್ಲುತ್ತದೋ ಎಂಬುದು ಈ ಎರಡನೆಯ ಲೆಕ್ಕವನ್ನು ಅವಲಂಬಿಸಿದೆ. ಅದಕ್ಕಾಗಿ ಈ ಪತ್ರ ಸ್ವಲ್ಪ ಉದ್ದವಾಗಿಯೇ ಇದೆ.

ಕಾಡಿನ ನೆಲವನ್ನು ಕೈಯಿಂದ ಕೆದಕಿ ನೋಡಿದರೆ ಮೂರು ಪದರ ಸಿಗುತ್ತವೆ. ಮೇಲೆ ಈ ವರ್ಷ ಉದುರಿದ, ಆಕಾರ ಕೆಡದ ಎಲೆ. ಅದರ ಕೆಳಗೆ ಚೂರಾದ, ಕಪ್ಪಿಟ್ಟ, ಬಿಳಿ ಅಣಬೆನೂಲು ಹೆಣೆದುಕೊಂಡ ಅರೆಕೊಳೆತ ತರಗು. ಅದಕ್ಕೂ ಕೆಳಗೆ, ಎಲೆ ಯಾವುದು ಎಂದು ಗುರುತೇ ಸಿಗದ ಕಪ್ಪು ಹ್ಯೂಮಸ್. ಬೆಂಕಿಯನ್ನು ವೇಗವಾಗಿ ಹರಡುವುದು ಮೇಲಿನ ಪದರ. ಅದು ಗಾಳಿಯಾಡುವಂತೆ ಸಡಿಲವಾಗಿರುತ್ತದೆ, ಕೆಲವೇ ಗಂಟೆಗಳ ಬಿಸಿಲಿಗೆ ಗರಿಗರಿಯಾಗುತ್ತದೆ. ನೀರಿನ ಕೆಲಸದ ಬಹುಪಾಲನ್ನು ಮಾಡುವುದು ಕೆಳಗಿನ ಎರಡು ಪದರ. ಅವು ಒತ್ತಾಗಿರುತ್ತವೆ, ಒಣಗಲು ದಿನಗಳು, ಒಮ್ಮೊಮ್ಮೆ ವಾರಗಳೇ ಬೇಕು. ಉರಿಯುವ ಪದರ ಬೇರೆ, ನೀರು ಕಾಯುವ ಪದರ ಬೇರೆ ಆಗಿರುವುದರಿಂದಲೇ ಒಂದನ್ನು ಸುಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ಸಾಧ್ಯ. ನಿಯಂತ್ರಿತ ಬೆಂಕಿಯ ಕಸುಬು ನಿಂತಿರುವುದು ಈ ಸಂದಿನ ಮೇಲೆ.

ತರಗು 'ಸ್ಪಂಜಿನಂತೆ' ನೀರು ಹಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ, ಆದರೆ ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಚೆನ್ನಾಗಿ ನೆನೆದ ತರಗು ತನ್ನ ಒಣತೂಕದ ಸುಮಾರು ಎರಡರಿಂದ ಮೂರು ಪಟ್ಟು ನೀರನ್ನು ಹಿಡಿದುಕೊಳ್ಳಬಲ್ಲದು. ಒಂದು ಹೆಕ್ಟೇರಿನಲ್ಲಿ 10 ಟನ್ ಒಣ ತರಗು ಇದೆ, ಅದು ಎರಡು ಪಟ್ಟು ನೀರು ಹೀರಿತು ಎನ್ನಿ: 20 ಟನ್, ಅಂದರೆ 20,000 ಲೀಟರ್. ಕೇಳಲು ದೊಡ್ಡ ಮೊತ್ತ. ಆದರೆ ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ಮಳೆ ಸುರಿದರೆ 10,000 ಲೀಟರ್ ಆಗುತ್ತದೆ. ಹಾಗಾಗಿ ಆ ತರಗಿನ ಇಡೀ 'ಸ್ಪಂಜು' ಹಿಡಿದದ್ದು 2 ಮಿಲಿಮೀಟರ್ ಮಳೆಯನ್ನು. ಅದರಲ್ಲೂ ಬಹುಪಾಲು ಮಾರನೆಯ ದಿನ ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಬೇರಿಗೆ ತಲುಪುವುದೇ ಇಲ್ಲ. ತರಗನ್ನು ಬರೀ ನೀರಿನ ತೊಟ್ಟಿ ಎಂದುಕೊಂಡರೆ, ಸುಡುವುದರ ಪರವಾಗಿ ವಾದಿಸುವವರು ಈ ಒಂದೇ ಲೆಕ್ಕದಿಂದ ನಮ್ಮ ಬಾಯಿ ಮುಚ್ಚಿಸಬಹುದು.

ತರಗಿನ ಬೆಲೆ ಇರುವುದು ಅದು ಹಿಡಿಯುವ ನೀರಿಗಿಂತ ಹೆಚ್ಚಾಗಿ ಅದು ಮಣ್ಣಿನ ಬಾಯಿಯನ್ನು ತೆರೆದಿಡುವುದರಲ್ಲಿ. ದೊಡ್ಡ ಮಳೆಹನಿ ಸುಮಾರು 5 ಮಿಲಿಮೀಟರ್ ಅಗಲವಿದ್ದು, ಸೆಕೆಂಡಿಗೆ 9 ಮೀಟರ್ ಆಸುಪಾಸಿನ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮೇಲೆ ಮರದ ಚಪ್ಪರ ಇದೆಯಲ್ಲ, ಅದು ತಡೆಯುತ್ತದೆ ಎಂಬುದು ಅರ್ಧ ಸತ್ಯ. ಸಣ್ಣ ಹನಿಗಳು ಎಲೆಯ ಮೇಲೆ ಕೂಡಿಕೊಂಡು, ತುದಿಯಿಂದ ದಪ್ಪ ಹನಿಯಾಗಿ ತೊಟ್ಟಿಕ್ಕುತ್ತವೆ. 8–10 ಮೀಟರ್ ಎತ್ತರದಿಂದ ಬಿದ್ದರೆ ಸಾಕು, ಅವು ತಮ್ಮ ಗರಿಷ್ಠ ವೇಗದ ಬಹುಪಾಲನ್ನು ಮತ್ತೆ ಗಳಿಸಿಕೊಂಡಿರುತ್ತವೆ. ಎತ್ತರದ ಮರಗಳಿದ್ದು ಬುಡದಲ್ಲಿ ತರಗಿಲ್ಲದ ನೆಲ ಬಯಲಿಗಿಂತ ಹೆಚ್ಚು ಏಟು ತಿನ್ನುವುದೂ ಉಂಟು. ಆ ಹೊಡೆತಕ್ಕೆ ಮಣ್ಣಿನ ಹರಳುಗಳು, ಅಂದರೆ ಕಣಗಳು ಅಂಟಿಕೊಂಡು ಆದ ಪುಟ್ಟ ಉಂಡೆಗಳು, ಒಡೆದು, ಬಿಡಿಯಾದ ಜೇಡಿಯ ಕಣ ರಂಧ್ರಗಳಿಗೆ ಇಳಿದು, ಕೆಲವೇ ಮಿಲಿಮೀಟರ್ ದಪ್ಪದ ಹೊಪ್ಪಳಿಕೆ (ಗಟ್ಟಿ ಪೊರೆ) ಕಟ್ಟುತ್ತದೆ. ಕೆಳಗೆ ಒಂದು ಮೀಟರ್ ಆಳ ಮಣ್ಣು ಬಾಯಾರಿ ಕೂತಿದ್ದರೂ ಈ ತೆಳು ಹೊಪ್ಪಳಿಕೆ ನೀರನ್ನು ಒಳಗೆ ಬಿಡುವುದಿಲ್ಲ. ಒಂದು ಬೆರಳು ದಪ್ಪದ ಅರೆಕೊಳೆತ ತರಗು ಇದ್ದರೆ ಹನಿಯ ಏಟು ಅಲ್ಲೇ ಅಡಗುತ್ತದೆ. ಇಳಿಜಾರಿನಲ್ಲಿ ಅದೇ ತರಗು ಸಾವಿರಾರು ಪುಟ್ಟ ಒಡ್ಡುಗಳಂತೆ ನೀರಿನ ಓಟವನ್ನು ನಿಧಾನಿಸಿ ಇಂಗಲು ಸಮಯ ಕೊಡುತ್ತದೆ. ಎರೆಹುಳು, ಗೆದ್ದಲು, ಸತ್ತ ಬೇರುಗಳು ಬಿಟ್ಟ ತೂತುಗಳೇ ಜೋರು ಮಳೆಯನ್ನು ಆಳಕ್ಕೆ ಒಯ್ಯುವ ಕೊಳವೆಗಳು. ಆ ಜೀವಿಗಳಿಗೆ ಅನ್ನ ಇದೇ ತರಗು. ಮಳೆ ನಿಂತ ಮೇಲೆ ನೆಲದಿಂದ ಆವಿಯಾಗಿ ಹೋಗುವ ತೇವವನ್ನು ತಡೆಯುವ ಮುಚ್ಚಿಗೆಯೂ ಅದೇ.

ಹ್ಯೂಮಸ್ ವಿಷಯದಲ್ಲೂ ಉತ್ಪ್ರೇಕ್ಷೆ ಬೇಡ. ಮಣ್ಣಿನಲ್ಲಿ ಸಾವಯವ ಅಂಶ ಒಂದು ಪ್ರತಿಶತ ಏರಿದರೆ ಲಕ್ಷಗಟ್ಟಲೆ ಲೀಟರ್ ನೀರು ಹೆಚ್ಚು ನಿಲ್ಲುತ್ತದೆ ಎಂಬ ಮಾತು ಬಹಳ ಓಡಾಡುತ್ತದೆ. 2018ರಲ್ಲಿ ಮಿನಾಸ್ನಿ ಮತ್ತು ಮೆಕ್‌ಬ್ರಾಟ್ನಿ ಎಂಬ ಮಣ್ಣುವಿಜ್ಞಾನಿಗಳು ಜಗತ್ತಿನ ಹಲವೆಡೆಯ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಮಣ್ಣಿನ ಸಾವಯವ ಇಂಗಾಲ ತೂಕದಲ್ಲಿ ಶೇ. 1 ಹೆಚ್ಚಿದರೆ ಗಿಡಕ್ಕೆ ದಕ್ಕುವ ನೀರು 10 ಸೆಂಟಿಮೀಟರ್ ಮಣ್ಣಿಗೆ ಸರಾಸರಿ 1.16 ಮಿಲಿಮೀಟರ್ ಮಾತ್ರ ಏರುತ್ತದೆ ಎಂದು ಕಂಡಿತು. ಇದರಿಂದ ಹ್ಯೂಮಸ್‌ನ ಮಹತ್ವ ಕಡಿಮೆಯಾಗುವುದಿಲ್ಲ. ಅದರ ದೊಡ್ಡ ಕೆಲಸ ಮಣ್ಣಿನ ಹರಳುಗಳನ್ನು ಅಂಟಿಸಿಟ್ಟು ರಂಧ್ರಗಳನ್ನು ಕಾಯುವುದು. ಅಂಟು ಹೋದರೆ ಹರಳು ಒಡೆಯುತ್ತದೆ, ಹರಳು ಒಡೆದರೆ ಮೇಲೆ ಹೇಳಿದ ಹೊಪ್ಪಳಿಕೆ ಬೇಗ ಕಟ್ಟುತ್ತದೆ.

ಈಗ ಬೆಂಕಿಯ ಮಾತು. ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಒದ್ದೆ ಮಣ್ಣಂತೂ ತನ್ನೊಳಗಿನ ನೀರು ಆವಿಯಾಗಿ ಮುಗಿಯುವ ತನಕ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಕ್ತಿ ಖರ್ಚಾಗುತ್ತದೆ, ಅಷ್ಟು ಶಾಖ ಅಲ್ಲೇ ಮುಗಿದುಹೋಗುತ್ತದೆ. ಹಗುರ ಬೆಂಕಿ ಸರಸರನೆ ಹಾದುಹೋದರೆ, ಕೆಳಪದರ ಒದ್ದೆಯಿದ್ದರೆ, ಎರಡು ಮೂರು ಸೆಂಟಿಮೀಟರ್ ಕೆಳಗಿನ ಮಣ್ಣಿಗೆ ಬೆಂಕಿ ಬಂದುಹೋದದ್ದೇ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ. ಇದು ಏಕೆ ಮುಖ್ಯವೆಂದರೆ, ಹಾನಿಯ ಮಿತಿಗಳು ಬಹಳ ಕೆಳಮಟ್ಟದಿಂದಲೇ ಆರಂಭವಾಗುತ್ತವೆ. ಸುಮಾರು 50–60 ಡಿಗ್ರಿಗೆ ಕೂದಲುಬೇರುಗಳು ಸಾಯುತ್ತವೆ. ಅದಕ್ಕಿಂತ ತುಸು ಮೇಲೆ ಅಣಬೆನೂಲುಗಳು ಸಾಯತೊಡಗುತ್ತವೆ. 200 ಡಿಗ್ರಿ ದಾಟಿದರೆ ಸಾವಯವ ವಸ್ತು ಕರಿಯಾಗತೊಡಗುತ್ತದೆ, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. 450 ಡಿಗ್ರಿ ಆಸುಪಾಸಿಗೆ ಸಾವಯವ ಅಂಶ ಬಹುತೇಕ ಮುಗಿದೇಹೋಗುತ್ತದೆ.

ಇವೆಲ್ಲದರ ನಡುವೆ ನೀರಿಗೆ ನೇರ ಸಂಬಂಧಿಸಿದ ಒಂದು ವಿಚಿತ್ರ ಸಂಗತಿ ಇದೆ. ಎಲೆಗಳಲ್ಲಿರುವ ಮೇಣದಂಥ ವಸ್ತುಗಳು ಬೆಂಕಿಗೆ ಆವಿಯಾಗುತ್ತವೆ. ಒಂದಷ್ಟು ಹೊಗೆಯ ಜೊತೆ ಮೇಲೆ ಹೋಗುತ್ತದೆ, ಉಳಿದದ್ದು ಕೆಳಗಿನ ತಂಪು ಮಣ್ಣಿಗಿಳಿದು ಕಣಗಳ ಮೇಲೆ ಲೇಪವಾಗಿ ಕೂರುತ್ತದೆ. ಅಮೆರಿಕದ ಅರಣ್ಯ ಸೇವೆಯ ಲಿಯೊನಾರ್ಡ್ ಡಿಬಾನೊ ಮತ್ತಿತರರು 1960ರ ದಶಕದಿಂದ ಇದನ್ನು ಬಿಡಿಸಿ ತೋರಿಸಿದರು. ಮಣ್ಣಿನ ಉಷ್ಣತೆ 175 ಡಿಗ್ರಿಗಿಂತ ಕಡಿಮೆ ಇದ್ದಾಗ ಇದರ ಪರಿಣಾಮ ಅಲ್ಪ. 175ರಿಂದ 200 ಡಿಗ್ರಿಯ ನಡುವೆ ಮಣ್ಣು ತೀವ್ರವಾಗಿ ನೀರೊಲ್ಲದ್ದಾಗುತ್ತದೆ. 280 ದಾಟಿ 400ರ ಕಡೆಗೆ ಹೋದರೆ ಆ ಲೇಪವೇ ಸುಟ್ಟುಹೋಗುತ್ತದೆ. ಹೀಗಾಗಿ ಜೋರಾಗಿ ಸುಟ್ಟ ನೆಲದಲ್ಲಿ ಮೇಲಿನ ಒಂದೆರಡು ಸೆಂಟಿಮೀಟರ್ ನೀರು ಹೀರುತ್ತದೆ, ಅದರ ಕೆಳಗೆ ಮೇಣ ಬಳಿದ ಪದರ ಅಡಗಿರುತ್ತದೆ. ಮಳೆ ಬಿದ್ದಾಗ ಮೇಲಿನ ಸಡಿಲ ಮಣ್ಣು ನೀರು ತುಂಬಿಕೊಂಡು, ಕೆಳಕ್ಕೆ ಇಳಿಯಲಾಗದೆ, ಇಡಿಯಾಗಿ ಜಾರಿಹೋಗುತ್ತದೆ. ಸುಟ್ಟ ಬೆಟ್ಟದಿಂದ ಹರಿದುಬರುವ ಕೆಸರಿನ ಹಿಂದೆ ಹಲವು ಸಲ ಇರುವುದು ಇದೇ. ಮರಳು ಹೆಚ್ಚಿರುವ ಮಣ್ಣಿನಲ್ಲಿ ಈ ಕಾಟ ಜಾಸ್ತಿ, ಏಕೆಂದರೆ ಕಣಗಳ ಒಟ್ಟು ಮೇಲ್ಮೈ ಕಡಿಮೆ ಇರುವುದರಿಂದ ಸ್ವಲ್ಪ ಮೇಣಕ್ಕೇ ಎಲ್ಲ ಮುಚ್ಚಿಹೋಗುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಬೂದಿ ಸರಿಸಿ, ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಐದು ಸೆಕೆಂಡಿನೊಳಗೆ ಇಂಗಿದರೆ ಮಣ್ಣು ಸರಿಯಿದೆ. 5ರಿಂದ 60 ಸೆಕೆಂಡ್ ನಿಂತರೆ ಅಲ್ಪ ತೊಂದರೆ, 60 ದಾಟಿದರೆ ತೀವ್ರ ತೊಂದರೆ. ಮೇಲ್ಮೈಯಲ್ಲಿ ಮಾತ್ರ ನೋಡಿ ಸಮಾಧಾನ ಪಡಬಾರದು. ಒಂದು, ಎರಡು, ಮೂರು ಸೆಂಟಿಮೀಟರ್ ಕೆರೆದು ಪ್ರತಿ ಆಳದಲ್ಲೂ ಹನಿ ಬಿಟ್ಟು ನೋಡಬೇಕು. ಕೆಲವು ಕಾಡುಗಳ ಒಣ ಮಣ್ಣು ಬೆಂಕಿ ಇಲ್ಲದೆಯೂ ನೀರನ್ನು ಒಲ್ಲೆನ್ನುತ್ತದೆ, ಆದ್ದರಿಂದ ಸುಡುವ ಮುಂಚೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ಮಾಡಿದರೆ ಮಾತ್ರ ಈ ಪರೀಕ್ಷೆಗೆ ಅರ್ಥ.

ಬೂದಿಯ ಬಗ್ಗೆ ಒಂದು ಮಾತು. ಹೊಸ ಬೂದಿ ತಾನೂ ಒಂದಷ್ಟು ನೀರು ಹೀರುತ್ತದೆ. ಹಾಗಾಗಿ ಮೊದಲ ಒಂದೆರಡು ಮಳೆಗೆ ನೀರು ಹರಿಯದೆ ಇದ್ದುದನ್ನು ನೋಡಿ 'ಏನೂ ಆಗಲಿಲ್ಲ' ಎಂದು ತೀರ್ಮಾನಿಸುವುದುಂಟು. ಆ ಬೂದಿ ಕೊಚ್ಚಿಹೋದ ಮೇಲೆ, ಅಥವಾ ರಂಧ್ರಗಳಿಗೆ ಇಳಿದು ಗಟ್ಟಿಯಾದ ಮೇಲೆ, ಮುಂದಿನ ಮಳೆಗಳಲ್ಲಿ ನಿಜಸ್ಥಿತಿ ಗೊತ್ತಾಗುತ್ತದೆ.

ಜ್ವಾಲೆಯ ಎತ್ತರ ನೋಡಿ ಬೆಂಕಿಯನ್ನು ಅಳೆಯುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. 1959ರಲ್ಲಿ ಅಮೆರಿಕದ ಕಾಳ್ಗಿಚ್ಚು ವಿಜ್ಞಾನಿ ಜಾರ್ಜ್ ಬೈರಮ್ ಕೊಟ್ಟ ಸೂತ್ರ ಸರಳ: ಇಂಧನದ ಶಾಖಮೌಲ್ಯ, ಚದರ ಮೀಟರಿಗೆ ಸುಡುವ ಇಂಧನ, ಬೆಂಕಿ ಮುನ್ನಡೆಯುವ ವೇಗ, ಈ ಮೂರರ ಗುಣಲಬ್ಧವೇ ಬೆಂಕಿಯ ತೀವ್ರತೆ. ಕಿಲೋ ತರಗಿಗೆ 18,000 ಕಿಲೋಜೂಲ್, ಚದರ ಮೀಟರಿಗೆ ಅರ್ಧ ಕಿಲೋ, ಸೆಕೆಂಡಿಗೆ 2 ಸೆಂಟಿಮೀಟರ್ ವೇಗ ಎಂದರೆ ಬೆಂಕಿಸಾಲಿನ ಪ್ರತಿ ಮೀಟರಿಗೆ 180 ಕಿಲೋವ್ಯಾಟ್. ಜ್ವಾಲೆ ಸುಮಾರು 85 ಸೆಂಟಿಮೀಟರ್. ಗಾಳಿ ಎದ್ದು ವೇಗ ಮೂರು ಪಟ್ಟಾದರೆ 540 ಕಿಲೋವ್ಯಾಟ್, ಜ್ವಾಲೆ ಸುಮಾರು 1.4 ಮೀಟರ್. ಆಸ್ಟ್ರೇಲಿಯಾದ ನೀಲಗಿರಿ ಮರದ ಕಾಡುಗಳಲ್ಲಿ ಅಲ್ಲಿನ ಕಾಳ್ಗಿಚ್ಚು ಸಂಶೋಧಕ ಅಲನ್ ಮೆಕಾರ್ಥರ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿಯ ಪರಂಪರೆಯಲ್ಲಿ 500 ಕಿಲೋವ್ಯಾಟ್ ಒಳಗಿನದನ್ನು ಹಗುರ ಬೆಂಕಿ ಎಂದು ಕರೆಯುತ್ತಾರೆ. ಕೊಂಬೆ ಕರಕಲಾಗದಂತೆ ನೋಡಿಕೊಳ್ಳಲು, ಬೆಂಕಿ ಕೈಮೀರದಂತೆ ತಡೆಯಲು ಈ ಅಳತೆ ಒಳ್ಳೆಯದು. ಮಣ್ಣಿಗೆ ಏನಾಗುತ್ತದೆ ಎಂಬುದನ್ನು ಇದು ಹೇಳುವುದಿಲ್ಲ. ಗಾಳಿಗೆದುರಾಗಿ ಹಿಮ್ಮುಖವಾಗಿ ಸಾಗುವ ಬೆಂಕಿಯ ಜ್ವಾಲೆ ಮೊಣಕಾಲೆತ್ತರವೂ ಇರುವುದಿಲ್ಲ, ನೋಡಲು ಸೌಮ್ಯ. ಆದರೆ ಅದು ಒಂದೊಂದು ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೆಳಪದರ ಒಣಗಿದ್ದರೆ ಅದನ್ನು ತಳದವರೆಗೂ ತಿಂದುಹಾಕುತ್ತದೆ. ಅದಕ್ಕಿಂತ ಕೆಟ್ಟದ್ದು ಜ್ವಾಲೆಯೇ ಇಲ್ಲದ ಹೊಗೆಯಾಟ. ದಪ್ಪ ಹ್ಯೂಮಸ್ ಒಳಗೊಳಗೇ ಗಂಟೆಗಟ್ಟಲೆ, ದಿನಗಟ್ಟಲೆ ಕೆಂಡವಾಗಿ ಉರಿದು ಮಣ್ಣಿಗೆ ಸುರಿಯುವ ಶಾಖದ ಮುಂದೆ, ಒಂದೆರಡು ನಿಮಿಷ ಹಾದುಹೋಗುವ ಆಳೆತ್ತರದ ಜ್ವಾಲೆಯದು ಏನೂ ಅಲ್ಲ. ಅಮೆರಿಕದ ಆಗ್ನೇಯ ಭಾಗದ ಲಾಂಗ್‌ಲೀಫ್ ಪೈನ್ ಕಾಡುಗಳಲ್ಲಿ ದಶಕಗಟ್ಟಲೆ ಬೆಂಕಿ ತಡೆದಿಟ್ಟು, ಆಮೇಲೆ ಮತ್ತೆ ಸುಡಲು ಹೊರಟಾಗ, ಬೆಂಕಿಯನ್ನು ತಾಳುವ ಮರವೆಂದೇ ಹೆಸರಾದ ಹಳೆಯ ಪೈನ್‌ಗಳು ಸತ್ತದ್ದು ಹೀಗೆ: ಬುಡದ ಸುತ್ತ ಕೂಡಿದ್ದ ತರಗಿನ ದಿಬ್ಬದಲ್ಲಿ ಹೊಗೆಯಾಡಿದ ಕೆಂಡ ಅಲ್ಲಿಗೇ ಏರಿ ಬಂದಿದ್ದ ಸಣ್ಣ ಬೇರುಗಳನ್ನೂ ಬುಡದ ತೊಗಟೆಯ ಒಳಪದರವನ್ನೂ ಬೇಯಿಸಿಹಾಕಿತು.

ಆದ್ದರಿಂದ ಬೆಂಕಿ ಹಾಕುವ ದಿನವನ್ನು ಆರಿಸಬೇಕಾದದ್ದು ಕೆಳಪದರದ ತೇವ. ತೇವವನ್ನು ಒಣತೂಕದ ಪ್ರತಿಶತವಾಗಿ ಹೇಳುತ್ತಾರೆ: ಹಸಿ ತೂಕದಿಂದ ಒಣತೂಕ ಕಳೆದು, ಒಣತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಒಣಗಿಸುವುದು 105 ಡಿಗ್ರಿ ಓವನ್‌ನಲ್ಲಿ, 24 ಗಂಟೆ. ಅರೆಕೊಳೆತ ಪದರ ಮತ್ತು ಹ್ಯೂಮಸ್ ಶೇ. 120ಕ್ಕಿಂತ ಹೆಚ್ಚು ತೇವವಿದ್ದರೆ ತಾವಾಗಿ ಉರಿಯುವುದೇ ಇಲ್ಲ ಎನ್ನಬಹುದು, ಶೇ. 30ಕ್ಕಿಂತ ಕೆಳಗಿಳಿದರೆ, ಮೇಲಿನ ಎಲೆ ಸುಟ್ಟು ಮುಗಿದ ಮೇಲೂ ತಮ್ಮಷ್ಟಕ್ಕೆ ಉರಿಯುತ್ತಾ ಹೋಗುತ್ತವೆ. ನಡುವಿನ ತೇವದಲ್ಲಿ ಎಷ್ಟು ಸುಡುತ್ತದೆ ಎಂಬುದು ಮೇಲಿನಿಂದ ಬರುವ ಶಾಖದ ಮೇಲೆ ನಿಂತಿದೆ. ಮೇಲಿನ ಎಲೆಗಳ ತೇವ ಶೇ. 10ರಿಂದ 20ರೊಳಗೆ ಇರಬೇಕು. ಶೇ. 30 ಮುಟ್ಟಿದರೆ ಬೆಂಕಿ ಹತ್ತುವುದೇ ಕಷ್ಟ. 5–6ಕ್ಕೆ ಇಳಿದರೆ ಆ ದಿನ ಕಡ್ಡಿ ಗೀರಲೇಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30ರಿಂದ 55, ಮರಗಳ ಒಳಗೆ ಹಗುರವಾದ ಆದರೆ ದಿಕ್ಕು ಬದಲಿಸದ ಗಾಳಿ ಇರಬೇಕು ಎಂದು ಆ ಪೈನ್ ಕಾಡುಗಳ ಕೈಪಿಡಿಗಳು ಹೇಳುತ್ತವೆ. ಬೇರೆ ಕಾಡುಗಳಿಗೆ ಅಂಕಿ ಹೊಂದಿಸಿಕೊಳ್ಳಬೇಕಾದರೂ ತತ್ವ ಒಂದೇ. ಓವನ್ ಇಲ್ಲದ ಕಡೆ ಕೈಯೇ ಅಳತೆಗೋಲು. ಮೇಲಿನ ಎಲೆ ಮಡಚಿದರೆ ಚಟ್ಟನೆ ಮುರಿಯಬೇಕು. ಕೆಳಗಿನ ಕಪ್ಪು ತರಗನ್ನು ಹಿಡಿದು ಹಿಂಡಿದರೆ ಉಂಡೆಯಾಗಿ ನಿಂತು ಅಂಗೈ ಒದ್ದೆ ಮಾಡಬೇಕು. ಎರಡೂ ಕೂಡಿಬರುವ ಕಾಲ ಎಂದರೆ ಮಳೆ ಬಂದು ಹೋದ ಕೆಲವು ದಿನಗಳ ನಂತರ: ಮೇಲ್ಪದರ ಒಣಗಿರುತ್ತದೆ, ಕೆಳಪದರ ಇನ್ನೂ ಒಣಗಿರುವುದಿಲ್ಲ. ಈ ಅವಕಾಶದ ಕಿಟಕಿ ಹಲವು ವರ್ಷ ನಾಲ್ಕೈದು ದಿನಕ್ಕಿಂತ ಹೆಚ್ಚು ತೆರೆದಿರುವುದಿಲ್ಲ. ಕಾರ್ಯಯೋಜನೆಯಲ್ಲಿ ತಿಂಗಳುಗಳ ಮುಂಚೆ ಬರೆದಿಟ್ಟ ತಾರೀಖಿಗೆ ಆ ಕಿಟಕಿ ಕಾಯುವುದಿಲ್ಲ. ತಾರೀಖು ನೋಡಿ ಹಾಕಿದ ಬೆಂಕಿ ಕಡುಬೇಸಿಗೆಯಲ್ಲಿ ಬಿದ್ದರೆ ಅದು ಕಾಳ್ಗಿಚ್ಚೇ; ಅನುಮತಿ ಪತ್ರ ಇದೆ ಎಂಬುದಷ್ಟೇ ವ್ಯತ್ಯಾಸ.

ಎಲೆ ಉದುರಿಸುವ ಕಾಡುಗಳಲ್ಲಿ ಇನ್ನೊಂದು ಉಪಾಯವಿದೆ, ಅದನ್ನು ಯಾಕೆ ಎಲ್ಲರೂ ಬಳಸುವುದಿಲ್ಲವೋ ತಿಳಿಯದು. ಎಲ್ಲ ಎಲೆ ಉದುರಿ ಮುಗಿಯುವ ತನಕ ಕಾಯದೆ, ಮೊದಲ ಕಂತು ಉದುರಿದಾಗಲೇ ಸುಡುವುದು. ಆಗ ನೆಲದಲ್ಲಿ ತೇವ ಉಳಿದಿರುತ್ತದೆ, ಬೆಂಕಿ ತೇಪೆತೇಪೆಯಾಗಿ ಹಬ್ಬುತ್ತದೆ, ಮತ್ತು ಆಮೇಲೆ ಉದುರುವ ಎಲೆ ಸುಟ್ಟ ನೆಲವನ್ನು ಮತ್ತೆ ಹೊದಿಸುತ್ತದೆ. ಮೊದಲ ಜೋರು ಮಳೆ ಬೀಳುವಾಗ ಮಣ್ಣು ಬರಿಮೈಯಲ್ಲಿ ಇರುವುದಿಲ್ಲ. ಪೈನ್‌ನಂಥ ಸೂಜಿಎಲೆಯ ಕಾಡುಗಳಲ್ಲೂ ಬಿಸಿಗೆ ಬಾಡಿದ ಎಲೆಗಳು ಉದುರಿ ಇಂಥದೇ ರಕ್ಷಣೆ ಕೊಡುತ್ತವೆ. ಹೀಗೆ ಬಿದ್ದ ಎಲೆಯನ್ನು 'ಮತ್ತೆ ಇಂಧನ ಆಯಿತು' ಎಂದು ಎರಡನೆಯ ಸಲ ಸುಡುವುದು ಮೊದಲು ಮಾಡಿದ ಒಳ್ಳೆಯ ಕೆಲಸವನ್ನೂ ಅಳಿಸಿಹಾಕುತ್ತದೆ.

ಬೆಂಕಿ ಹಚ್ಚುವ ಕ್ರಮದಲ್ಲಿ ಆಗುವ ತಪ್ಪುಗಳಲ್ಲಿ ಮೂರನ್ನು ಹೇಳಲೇಬೇಕು. ಸುಡಬೇಕಾದ ಕಾಡಿನ ತುಂಡಿನ ಸುತ್ತಲೂ ಒಟ್ಟಿಗೆ ಹಚ್ಚಿದರೆ ನಾಲ್ಕೂ ಕಡೆಯ ಬೆಂಕಿ ನಡುವೆ ಸೇರುತ್ತದೆ, ಅಲ್ಲಿ ಗಾಳಿಯನ್ನು ಒಳಕ್ಕೆಳೆದುಕೊಂಡು ತೀವ್ರತೆ ಏಕಾಏಕಿ ಏರುತ್ತದೆ; ನಡುವಿನ ಮರಗಳೂ ಮಣ್ಣೂ ಅದರ ಬೆಲೆ ತೆರುತ್ತವೆ. ಗಾಳಿ ಹೋಗುವ ಕಡೆಯ ಅಂಚಿನಲ್ಲಿ, ಇಳಿಜಾರಾದರೆ ಮೇಲಂಚಿನಲ್ಲಿ, ಬೆಂಕಿರೇಖೆಗೆ (ಬೆಂಕಿ ದಾಟದಂತೆ ಮೊದಲೇ ಬೋಳು ಮಾಡಿಟ್ಟ ಪಟ್ಟಿಗೆ) ಒತ್ತಿ ಮೊದಲು ಹಚ್ಚಿ, ಅಲ್ಲಿ ಕರಿಪಟ್ಟಿ ಸಾಕಷ್ಟು ಅಗಲವಾದ ಮೇಲೆ ಕೆಲವೇ ಮೀಟರ್ ಅಂತರದ ಸಾಲುಗಳಲ್ಲಿ ಹಿಂದಕ್ಕೆ ಬರಬೇಕು. ಕೆಳಗಿನಿಂದ ಮೇಲಕ್ಕೆ ಹಚ್ಚಿದರೆ ಇಳಿಜಾರಿನ ಪ್ರತಿ 10 ಡಿಗ್ರಿಗೆ ಬೆಂಕಿಯ ವೇಗ ಇಮ್ಮಡಿಯಾಗುತ್ತದೆ ಎಂಬುದು ಹಳೆಯ ಲೆಕ್ಕ. 20 ಡಿಗ್ರಿ ಇಳಿಜಾರಿನಲ್ಲಿ ನಾಲ್ಕು ಪಟ್ಟು. ಎರಡನೆಯ ತಪ್ಪು ತರಗನ್ನು, ಕೊಂಬೆಗಳನ್ನು ಗುಡ್ಡೆ ಹಾಕಿ ಸುಡುವುದು. ಅಚ್ಚುಕಟ್ಟಾಗಿ ಕಾಣುತ್ತದೆ, ಕಾಯುವುದೂ ಸುಲಭ. ಆದರೆ ಗುಡ್ಡೆಯ ಕೆಳಗಿನ ಮಣ್ಣು ಹಲವು ಸೆಂಟಿಮೀಟರ್ ಆಳದವರೆಗೆ ಮೇಲೆ ಹೇಳಿದ ಎಲ್ಲ ಮಿತಿಗಳನ್ನೂ ದಾಟುತ್ತದೆ, ಇಟ್ಟಿಗೆಯಂತೆ ಕೆಂಪಾಗುತ್ತದೆ, ಬೀಜ ಬೇರು ಅಣಬೆ ಒಂದೂ ಉಳಿಯುವುದಿಲ್ಲ. ವರ್ಷಗಳ ಕಾಲ ಆ ವೃತ್ತಗಳು ಬೋಳಾಗಿಯೇ ಇರುತ್ತವೆ. ಗುಡ್ಡೆ ಅನಿವಾರ್ಯವಾದರೆ ಚಿಕ್ಕದಾಗಿರಲಿ, ಒದ್ದೆ ನೆಲದ ಮೇಲಿರಲಿ. ದಪ್ಪ ದಿಮ್ಮಿಗಳನ್ನು ಅದಕ್ಕೆ ಸೇರಿಸದೆ ಇಳಿಜಾರಿಗೆ ಅಡ್ಡಲಾಗಿ ನೆಲಕ್ಕೆ ಒತ್ತಿ ಮಲಗಿಸಿದರೆ ಅವೇ ನೀರು ತಡೆಯುವ ಒಡ್ಡುಗಳಾಗುತ್ತವೆ. ಮೂರನೆಯದು, ಸುಡದೆ ಉಳಿದ ತೇಪೆಗಳನ್ನು ಹುಡುಕಿ ಹುಡುಕಿ ಮತ್ತೆ ಹಚ್ಚುವುದು. ಆ ತೇಪೆಗಳೇ ಮೇಲಿನಿಂದ ಹರಿದುಬರುವ ನೀರು, ಬೂದಿ, ಮಣ್ಣನ್ನು ತಡೆದು ಇಂಗಿಸುವ ಜಾಗಗಳು. ಹಳ್ಳದ ಎರಡೂ ದಂಡೆಗಳ ಪಟ್ಟಿಯನ್ನೂ ಕಡಿದಾದ ಇಳಿಜಾರುಗಳನ್ನೂ ಮೊದಲೇ ಬೆಂಕಿಯಿಂದ ಹೊರಗಿಡಬೇಕು. ಸದಾ ತೇವವಿದ್ದು, ಬೆಂಕಿಯ ಪರಿಚಯವೇ ಇಲ್ಲದ ತೆಳುತೊಗಟೆಯ ಮರಗಳ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಪದ್ಧತಿಗೆ ಜಾಗವೇ ಇಲ್ಲ.

ಸುಟ್ಟ ಮೇಲೆ ಹಳ್ಳದಲ್ಲಿ ನೀರು ಹೆಚ್ಚಾಯಿತು, ಆದ್ದರಿಂದ ಬೆಂಕಿ ನೀರಿಗೆ ಒಳ್ಳೆಯದು ಎಂಬ ವಾದವೂ ಆಗಾಗ ಬರುತ್ತದೆ. ಗಿಡಗಂಟಿ ಸತ್ತರೆ ಅವು ಹೀರಿ ಆವಿಯಾಗಿಸುವ ನೀರು ಉಳಿಯುವುದು ನಿಜ. ತರಗು ತಡೆಯುತ್ತಿದ್ದ ಸಣ್ಣ ಮಳೆ ನೇರ ಮಣ್ಣಿಗೆ ಸೇರುವುದೂ ನಿಜ. ಆದರೆ ಬಾಷ್ ಮತ್ತು ಹ್ಯೂಲೆಟ್ ಎಂಬ ಜಲವಿಜ್ಞಾನಿಗಳು 1982ರಲ್ಲಿ 94 ಜಲಾನಯನಗಳ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕಾಡಿನ ಹೊದಿಕೆ ಶೇ. 20ಕ್ಕಿಂತ ಕಡಿಮೆ ತಗ್ಗಿದರೆ ಹಳ್ಳದ ವಾರ್ಷಿಕ ನೀರಿನಲ್ಲಿ ಅಳೆದು ತೋರಿಸಬಹುದಾದ ವ್ಯತ್ಯಾಸ ಸಿಗಲಿಲ್ಲ. ಹಗುರ ಬೆಂಕಿ ದೊಡ್ಡ ಮರಗಳನ್ನು ಕೊಲ್ಲುವುದಿಲ್ಲ, ಕೊಲ್ಲಬಾರದು. ಹಾಗಿದ್ದೂ ಮಳೆ ಬಿದ್ದ ತಕ್ಷಣ ಹಳ್ಳ ಕೆಂಪಾಗಿ ಉಕ್ಕಿತು ಎಂದರೆ, ಇಂಗಬೇಕಿದ್ದ ನೀರು ಮೇಲ್ಮೈಯಲ್ಲೇ ಓಡಿಬಂತು ಎಂದು ಅರ್ಥ. ಮಳೆ ನಿಂತ ಎರಡು ತಿಂಗಳ ಮೇಲೆ ಒರತೆ ಎಷ್ಟು ಜಿನುಗುತ್ತಿದೆ ಎಂದು ನೋಡಬೇಕು. ಕಾಡಿನ ನೀರಿನ ಪರೀಕ್ಷೆ ಆಗ.

ಇನ್ನು, ಎಷ್ಟು ವರ್ಷಕ್ಕೊಮ್ಮೆ? ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ತಿರುಳು ಇದು. ಪರಿಸರವಿಜ್ಞಾನಿ ಜೆರ್ರಿ ಓಲ್ಸನ್ 1963ರಲ್ಲಿ ಕೊಟ್ಟ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ವರ್ಷಕ್ಕೆ ಬೀಳುವ ತರಗನ್ನು ಕೊಳೆಯುವ ದರದಿಂದ ಭಾಗಿಸಿದರೆ, ಆ ಕಾಡಿನಲ್ಲಿ ಕಡೆಗೆ ನಿಲ್ಲುವ ತರಗಿನ ಮಟ್ಟ ಸಿಗುತ್ತದೆ. ಹೆಕ್ಟೇರಿಗೆ ವರ್ಷಕ್ಕೆ 6 ಟನ್ ಉದುರುತ್ತದೆ, ಕೊಳೆಯುವ ದರ ವರ್ಷಕ್ಕೆ 0.5 ಎನ್ನಿ. ನಿಲ್ಲುವ ಮಟ್ಟ 12 ಟನ್. ಎಲ್ಲ ಸುಟ್ಟು ಶೂನ್ಯದಿಂದ ಆರಂಭವಾದರೆ ಒಂದು ವರ್ಷಕ್ಕೆ 4.7 ಟನ್, ಎರಡಕ್ಕೆ 7.6, ಮೂರಕ್ಕೆ 9.3, ಆರು ವರ್ಷಕ್ಕೆ 11.4 ಟನ್. ಈ ಸಾಲು ಎರಡು ಮಾತು ಹೇಳುತ್ತದೆ. ಇಂಧನ ತಗ್ಗಿಸಿದ್ದರ ಲಾಭ ನಾಲ್ಕೈದು ವರ್ಷದಲ್ಲಿ ಬಹುತೇಕ ಕರಗುತ್ತದೆ, ಹಾಗಾಗಿ ಒಮ್ಮೆ ಸುಟ್ಟು ಮರೆತರೆ ಉಪಯೋಗವಿಲ್ಲ. ಇನ್ನೊಂದು ಕಡೆ, ವರ್ಷ ವರ್ಷವೂ ಸುಟ್ಟರೆ ನೆಲದಲ್ಲಿ ಆ ವರ್ಷದ ಎಲೆ ಬಿಟ್ಟು ಬೇರೇನೂ ಇರುವುದಿಲ್ಲ. ಅರೆಕೊಳೆತ ಪದರ ಹುಟ್ಟುವುದಕ್ಕೇ ಸಮಯ ಸಿಗುವುದಿಲ್ಲ. ಹ್ಯೂಮಸ್‌ನ ಕೊಳೆಯುವ ದರ 0.05 ಎಂದುಕೊಂಡರೆ, ಅದು ಕಳೆದುಹೋದ ಮೇಲೆ ಶೇ. 95ರಷ್ಟು ಮರಳಿ ಕೂಡಲು 60 ವರ್ಷ ಬೇಕು. ಮೇಲಿನ ಎಲೆ ಬಡ್ಡಿ ಇದ್ದಂತೆ, ಅದನ್ನು ಖರ್ಚು ಮಾಡಬಹುದು, ಹ್ಯೂಮಸ್ ಅಸಲು.

ದೀರ್ಘಕಾಲದ ಪ್ರಯೋಗಗಳೂ ಇದನ್ನೇ ತೋರಿಸುತ್ತವೆ, ಆದರೆ ಕಾಡಿನಿಂದ ಕಾಡಿಗೆ ಉತ್ತರ ಬದಲಾಗುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಿಂದ ಬೇರೆಬೇರೆ ಅಂತರದಲ್ಲಿ ಸುಡುತ್ತಾ ಬಂದಿರುವ ತಾಕುಗಳಿವೆ. ಮಿಲ್ಸ್ ಮತ್ತು ಫೇ ಎಂಬ ಮಣ್ಣುವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದೇಪದೇ ಸುಟ್ಟ ತಾಕುಗಳ ಮಣ್ಣಿನ ಮೇಲ್ಪದರ ಹೆಚ್ಚು ಸುಲಭವಾಗಿ ಹೊಪ್ಪಳಿಕೆ ಕಟ್ಟುತ್ತದೆ, ನೀರು ಇಂಗುವುದು ಕುಗ್ಗುತ್ತದೆ ಎಂದು ಕಂಡಿತು. 2018ರಲ್ಲಿ ಪೆಲೆಗ್ರಿನಿ ಎಂಬ ಪರಿಸರವಿಜ್ಞಾನಿ ಮತ್ತು ಸಂಗಡಿಗರು ಜಗತ್ತಿನ 48 ತಾಣಗಳನ್ನು ಒಟ್ಟಿಗೆ ನೋಡಿದರು: ಹುಲ್ಲುಗಾಡು ಮತ್ತು ಅಗಲ ಎಲೆಯ ಕಾಡುಗಳಲ್ಲಿ, 64 ವರ್ಷ ಆಗಾಗ ಸುಟ್ಟ ತಾಕುಗಳ ಮೇಲ್ಮಣ್ಣಿನಲ್ಲಿ ಬೆಂಕಿಯಿಂದ ಕಾಪಾಡಿದ ತಾಕುಗಳಿಗಿಂತ ಶೇ. 36 ಕಡಿಮೆ ಇಂಗಾಲ, ಶೇ. 38 ಕಡಿಮೆ ಸಾರಜನಕ. ಸೂಜಿಎಲೆಯ ಕಾಡುಗಳಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಪೈನ್ ಕಾಡಿನಲ್ಲಿ ಸರಿಹೋದ ಅಂತರವನ್ನು ಅಗಲ ಎಲೆಯ ಕಾಡಿಗೆ ಎತ್ತಿ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಬೆಂಕಿಯೇ ಬೇಡ ಎನ್ನುವವರಿಗೂ ಒಂದು ಮಾತು. ಒಣಕಾಡಿನಲ್ಲಿ ತರಗು, ಪೊದೆ, ಒಣ ಕೊಂಬೆ ಒಂದರ ಮೇಲೊಂದು ಏಣಿಯಂತೆ ಕೂಡಿ, ಕಡುಬೇಸಿಗೆಯಲ್ಲಿ ಯಾರೋ ಎಸೆದ ಕಿಡಿಗೆ ಹತ್ತಿಕೊಂಡರೆ ಮೂರು ಪದರವೂ ಒಟ್ಟಿಗೆ ಹೋಗುತ್ತವೆ, ಮರವೂ ಹೋಗುತ್ತದೆ. ನೀರಿಗೆ ಅದಕ್ಕಿಂತ ದೊಡ್ಡ ಹಾನಿ ಇಲ್ಲ. ಕೆಳಪದರ ಉಳಿಸಿ, ತೇಪೆತೇಪೆಯಾಗಿ, ಸರಿಯಾದ ತೇವದಲ್ಲಿ ಹಾಕಿದ ಬೆಂಕಿ ಈ ಅಪಾಯವನ್ನು ತಗ್ಗಿಸುವುದು ನಿಜ. ನನ್ನ ತಕರಾರು ಇರುವುದು ಆ ಮೂರು ಷರತ್ತುಗಳನ್ನು ಬಿಟ್ಟು ಬೆಂಕಿಯನ್ನು ಮಾತ್ರ ಇಟ್ಟುಕೊಳ್ಳುವ ಪದ್ಧತಿಯ ಮೇಲೆ.

ಷರತ್ತು ಪಾಲನೆಯಾಯಿತೇ ಎಂದು ನೋಡುವುದು ದುಬಾರಿ ಕೆಲಸವೇನಲ್ಲ. ಬೆಂಕಿಗೆ ಮುಂಚೆ ಅಲ್ಲಲ್ಲಿ ದಪ್ಪ ಕಬ್ಬಿಣದ ಮೊಳೆಗಳನ್ನು, ತಲೆ ತರಗಿನ ಮೇಲ್ಮಟ್ಟಕ್ಕೆ ಸರಿಯಾಗಿ ಬರುವಂತೆ, ಮಣ್ಣಿನವರೆಗೆ ನೆಟ್ಟಿಡಿ. ಬೆಂಕಿ ಆರಿದ ಮೇಲೆ ಮೊಳೆಯ ಎಷ್ಟು ಭಾಗ ಹೊರಗೆ ಕಾಣುತ್ತದೋ ಅಷ್ಟು ತರಗು ಸುಟ್ಟಿದೆ. ಮೊಳೆಯ ಬುಡದಲ್ಲಿ ಮಣ್ಣಿನವರೆಗೆ ಉಳಿದದ್ದೇ ನಮ್ಮ ಉಳಿತಾಯ. 50 ಸೆಂಟಿಮೀಟರ್ ಚೌಕದ ಒಂದು ಚೌಕಟ್ಟಿನೊಳಗಿನ ತರಗನ್ನು ಕೆರೆದು ಒಣಗಿಸಿ ತೂಗಿ. ಗ್ರಾಂ ಲೆಕ್ಕವನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 250 ಗ್ರಾಂ ಬಂದರೆ 10 ಟನ್. ಕಲ್ಲು, ಮಣ್ಣು ಸೇರಿಕೊಳ್ಳದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ತೂಕ ಸುಳ್ಳು ಹೇಳುತ್ತದೆ. ಇಂಗುವಿಕೆಗೆ 15 ಸೆಂಟಿಮೀಟರ್ ವ್ಯಾಸದ ಲೋಹದ ಬಳೆಯನ್ನು ಮಣ್ಣಿಗೆ ಕೆಲವು ಸೆಂಟಿಮೀಟರ್ ಇಳಿಸಿ, 440 ಮಿಲಿಲೀಟರ್ ನೀರು ಸುರಿಯಿರಿ. ಅದು 25 ಮಿಲಿಮೀಟರ್ ಮಳೆಗೆ ಸಮ. ಇಂಗಲು ಹಿಡಿದ ಸಮಯ ಬರೆದುಕೊಂಡು, ಅದೇ ಜಾಗದಲ್ಲಿ ಎರಡನೆಯ ಸಲ ಸುರಿಯಿರಿ. ಮೊದಲ ಸಲದ ವೇಗ ಮಣ್ಣು ಎಷ್ಟು ಒಣಗಿತ್ತು ಎಂಬುದನ್ನೂ ಹೇಳುತ್ತದೆ, ಎರಡನೆಯ ಸಲದ್ದು ರಂಧ್ರಗಳ ನಿಜ ಸ್ಥಿತಿಗೆ ಹತ್ತಿರ. ಬಳೆ ಇಳಿಸುವಾಗ ಬೇರು ಸಿಕ್ಕಿ ಅಂಚು ಸಡಿಲವಾದರೆ ನೀರು ಪಕ್ಕದಿಂದ ಸೋರುತ್ತದೆ. ಆ ಅಳತೆ ಬಿಟ್ಟುಬಿಡಿ. ಒಂದೇ ಜಾಗ ಸಾಲದು, ಸುಟ್ಟ ಕಡೆ ಹತ್ತು, ಪಕ್ಕದ ಸುಡದ ಕಡೆ ಹತ್ತು ಬೇಕು.

ನೆಲದ ಹೊದಿಕೆಯ ಪ್ರಮಾಣ ಶೇ. 60–70ಕ್ಕಿಂತ ಕೆಳಗಿಳಿದರೆ ಮಣ್ಣುಕೊಚ್ಚಣೆ ಕಡಿದಾಗಿ ಏರುತ್ತದೆ. ಆದ್ದರಿಂದ ಬೆಂಕಿಯ ಪ್ರತಿ ವರದಿಯಲ್ಲೂ ಹೆಕ್ಟೇರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರಲಿ ಎಂಬುದು ನನ್ನ ಒತ್ತಾಯ: ಆ ದಿನ ಕೆಳಪದರದ ತೇವ, ಮೊಳೆಗಳು ತೋರಿಸಿದ ಉಳಿದ ತರಗಿನ ದಪ್ಪ, ಬರಿಮಣ್ಣು ಕಂಡ ನೆಲದ ಪ್ರತಿಶತ, ಅದೇ ತುಂಡನ್ನು ಹಿಂದೆ ಸುಟ್ಟ ವರ್ಷ. ಬರಿಮಣ್ಣು ಶೇ. 30 ದಾಟಿದ್ದರೆ ಆ ಬೆಂಕಿಯನ್ನು ವಿಫಲವೆಂದೇ ದಾಖಲಿಸಿ, ಮಳೆಗೆ ಮುಂಚೆ ಪಕ್ಕದ ಸುಡದ ಜಾಗದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹರಡಬೇಕು, ಅರೆಕೊಳೆತ ಪದರ ಮತ್ತೆ ಕೈಗೆ ಸಿಗುವ ತನಕ ಆ ತುಂಡಿಗೆ ಎರಡನೆಯ ಬೆಂಕಿಯ ಅನುಮತಿ ಕೊಡಬಾರದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ